ನಂದಿಗೂ ಲಿಂಗಕ್ಕೂ ನಡುವೆ ಒಂದು ಇಂಗ್ಲಿಷ್ ಪದ

ನಂದಿಗೆ ಒಂದೇ ಕಿವಿಯಿತ್ತು. ಇನ್ನೊಂದನ್ನು ಡಸ್ಟರು ವರ್ಷಗಟ್ಟಲೆ ಉಜ್ಜಿ ಉಜ್ಜಿ ಸವೆಸಿಬಿಟ್ಟಿತ್ತು. ಬಿಳಿ ಎಣ್ಣೆಬಣ್ಣದಲ್ಲಿ ಬರೆದ ಅಂಗೈಯಗಲದ ನಂದಿ ಅದು. ಕರಿಹಲಗೆಯ ಎಡಗಡೆ ಕಾಲು ಮಡಚಿ, ಬಲಕ್ಕೆ ಮುಖ ಮಾಡಿ ಕೂತಿತ್ತು. ಬಲಗಡೆ ಅದೇ ಬಣ್ಣದ ಒಂದು ಲಿಂಗ. ನಂದಿಯ ಕೆಳಗೆ ಇಂಗ್ಲಿಷಿನಲ್ಲಿ ಹ್ಯಾಸ್ ಎಂದೂ ಲಿಂಗದ ಕೆಳಗೆ ಗಾನ್ ಎಂದೂ ಬರೆದಿತ್ತು. ಎರಡರ ನಡುವೆ ಏನೂ ಇರಲಿಲ್ಲ. ಏನೂ ಇರಬಾರದು ಎಂಬುದೇ ಆ ಚಿತ್ರದ ಪಾಠ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಟಿ. ನರಸೀಪುರದ ಮನೆಗೆ ಹಿಂತಿರುಗಿದ್ದೆ. ಕಾಲೇಜು ಕೆಲಸ ಸಿಗುವವರೆಗೆ ಸುಮ್ಮನಿರುವುದು ಬೇಡವೆಂದು ನಂಜನಗೂಡಿನ ಒಂದು ಟ್ಯುಟೋರಿಯಲ್ ಸೇರಿದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರಿಗಾಗಿ ಇದ್ದ ಟ್ಯುಟೋರಿಯಲ್ ಅದು. ಬಾಳೆಕಾಯಿ ಮಂಡಿಯ ಮೇಲಿನ ಒಂದೇ ಕೋಣೆ. ಕೆಳಗೆ ಕಾಯಿ ಹಣ್ಣಾಗಲೆಂದು ಹೊಗೆ ಹಾಕಿದ ದಿನ ಮೇಲೆ ನಾವೆಲ್ಲ ಕಣ್ಣೊರೆಸಿಕೊಳ್ಳುತ್ತ ಪಾಠ ನಡೆಸುತ್ತಿದ್ದೆವು. ಅಂಥ ದಿನ ಯಾರಾದರೂ ಮೆಟ್ಟಿಲು ಹತ್ತಿ ಇಣುಕಿದರೆ, ಇಂಗ್ಲಿಷ್ ಇಷ್ಟು ದುಃಖದ ವಿಷಯವೇ ಎಂದುಕೊಂಡಿರಬೇಕು.

ಟ್ಯುಟೋರಿಯಲ್ ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರು. ಬಾಗಿಲ ಹೊರಗೆ ಬೆತ್ತದ ಕುರ್ಚಿ ಹಾಕಿಕೊಂಡು, ನಮಗೆ ಬೆನ್ನು ಮಾಡಿ, ನಾವು ಕಲಿಸುವುದನ್ನೆಲ್ಲ ಕೇಳಿಸಿಕೊಳ್ಳುತ್ತ ಕೂತಿರುತ್ತಿದ್ದರು. ನಂದಿ ಬರೆದವರು ಅವರೇ. ಅದಕ್ಕೆ ಕಾರಣವೂ ಇತ್ತು. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮೈಸೂರಿಗೆ ಹೋಗಿದ್ದಾನೆ ಎನ್ನುತ್ತೇವೆ, ಅನ್ನ ಉಂಡಿದ್ದಾಳೆ ಎನ್ನುತ್ತೇವೆ. ಅದೇ ಅಭ್ಯಾಸದಲ್ಲಿ ಹುಡುಗರು ಹಿ ಹ್ಯಾಸ್ ಟು ಮೈಸೂರ್ ಗಾನ್ ಎಂದೂ ಶಿ ಹ್ಯಾಸ್ ರೈಸ್ ಈಟನ್ ಎಂದೂ ಬರೆಯುತ್ತಿದ್ದರಂತೆ. ಮೇಷ್ಟ್ರು ಬೈದರು, ಬೆಂಚಿನ ಮೇಲೆ ನಿಲ್ಲಿಸಿದರು, ನೂರು ಸಲ ಬರೆಸಿದರು. ಏನೂ ಆಗಲಿಲ್ಲ. ಕೊನೆಗೆ ಒಂದು ಸೋಮವಾರ ಗುಡಿಯಲ್ಲಿ ಸರದಿಯಲ್ಲಿ ನಿಂತಿದ್ದಾಗ ಅವರಿಗೆ ಹೊಳೆಯಿತಂತೆ. ನಂದಿಗೂ ಶಿವನಿಗೂ ನಡುವೆ ಹಾಯಬಾರದು ಎಂಬುದನ್ನು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಹ್ಯಾಸ್ ಎಂದರೆ ನಂದಿ, ಗಾನ್ ಎಂದರೆ ಶಿವ, ನಡುವೆ ಅನ್ನವೂ ಇಲ್ಲ, ಮೈಸೂರೂ ಇಲ್ಲ. ಅಂದಿನಿಂದ ಆ ತಪ್ಪು ನಿಂತೇ ಹೋಯಿತು. ವ್ಯಾಕರಣಕ್ಕೆ ಹೆದರದವರು ನಂದಿಗೆ ಹೆದರಿದರು.

ನಿಂತದ್ದು ತಪ್ಪು ಮಾತ್ರವಲ್ಲ. ಆ ಖಾಲಿ ಜಾಗದಲ್ಲಿ ಯಾರೂ ಏನೂ ಬರೆಯುತ್ತಿರಲಿಲ್ಲ. ಒರೆಸುವಾಗ ಎಡಗಡೆಯನ್ನು ಬೇರೆ, ಬಲಗಡೆಯನ್ನು ಬೇರೆ ಒರೆಸುತ್ತಿದ್ದರು; ಡಸ್ಟರನ್ನು ಈ ಕಡೆಯಿಂದ ಆ ಕಡೆಗೆ ಎಳೆಯುತ್ತಿರಲಿಲ್ಲ. ಗಣಿತ ಕಲಿಸುವವರ ಲೆಕ್ಕಗಳು ನಂದಿಯ ಬೆನ್ನ ಹಿಂದೆ ಶುರುವಾಗಿ, ಕೆಳಗಿಳಿದು, ಹಲಗೆಯ ತಳದಲ್ಲಿ ತೆವಳಿ, ಲಿಂಗದ ಆಚೆ ಮೇಲೇರಿ ಮುಗಿಯುತ್ತಿದ್ದವು. ವೃತ್ತದ ಪಾಠವನ್ನು ಅವರು ನೆಲದ ಮೇಲೆ ಮಾಡುತ್ತಿದ್ದರು.

ನನ್ನ ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವರು ಕಳಲೆಯಿಂದ ಬರುತ್ತಿದ್ದ ಒಬ್ಬ ಹೆಂಗಸು. ನನಗಿಂತಲೂ ದೊಡ್ಡವರು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಊರ ಅಂಗನವಾಡಿಯಲ್ಲಿ ಸಹಾಯಕಿ. ಕಸ ಗುಡಿಸಿ, ಮಕ್ಕಳಿಗೆ ಉಪ್ಪಿಟ್ಟು ಬೇಯಿಸಿ, ಬಡಿಸಿ, ಪಾತ್ರೆ ತೊಳೆದು ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಅಲ್ಲಿನ ಟೀಚರಮ್ಮ ಆ ವರ್ಷ ನಿವೃತ್ತರಾಗುವವರಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಆ ಕೆಲಸ ಅಕ್ಕನಿಗೆ ಸಿಗುವಂತಿತ್ತು. ಆಗದಿದ್ದರೆ ಊರಿನ ಇನ್ನೊಬ್ಬ ಹುಡುಗಿಗೆ ಹೋಗುತ್ತಿತ್ತು, ಅವಳು ಮುದುಕಿಯಾಗುವವರೆಗೆ ಕುರ್ಚಿ ಖಾಲಿಯಾಗುತ್ತಿರಲಿಲ್ಲ. ಅಕ್ಕನಿಗೆ ಉಳಿದಿದ್ದದ್ದು ಇಂಗ್ಲಿಷ್ ಒಂದೇ. ಹಿಂದಿನ ಸಲ ಒಂದೇ ಅಂಕದಲ್ಲಿ ಹೋಗಿತ್ತು.

ಆ ಒಂದು ಅಂಕ ಎಲ್ಲಿ ಹೋಗುತ್ತಿದೆ ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೊಟ್ಟ ಪದವನ್ನು ವಾಕ್ಯದ ಸರಿಯಾದ ಜಾಗದಲ್ಲಿ ಸೇರಿಸಿ ಎಂಬ ಪ್ರಶ್ನೆ ಪ್ರತಿ ವರ್ಷವೂ ಇರುತ್ತಿತ್ತು. ಜಸ್ಟ್, ನೆವರ್, ಆಲ್ವೇಸ್, ಆಲ್‌ರೆಡಿ, ಇಂಥ ಸಣ್ಣ ಪದಗಳು. ಇವುಗಳ ಜಾಗ ಹ್ಯಾಸ್‌ಗೂ ಗಾನ್‌ಗೂ ನಡುವೆ. ಆಲ್‌ರೆಡಿಯನ್ನಾದರೆ ಕೊನೆಗೆ ಹಾಕಿದರೂ ನಡೆದೀತು. ಜಸ್ಟ್, ನೆವರ್ ನಡೆಯುವುದಿಲ್ಲ. ಅಕ್ಕನದು ಮಾತ್ರವಲ್ಲ, ತರಗತಿಯ ಎಲ್ಲರ ಉತ್ತರಗಳಲ್ಲೂ ಆ ಪದಗಳು ವಾಕ್ಯದ ಮುಂದೆ ನಿಂತಿರುತ್ತಿದ್ದವು, ಇಲ್ಲವೇ ಸುತ್ತಿಕೊಂಡು ಹೋಗಿ ಹಿಂದೆ ನಿಂತಿರುತ್ತಿದ್ದವು. ಒಳಗೆ ಹೋಗುವ ಧೈರ್ಯ ಒಂದಕ್ಕೂ ಇರಲಿಲ್ಲ.

ಒಂದು ಮಧ್ಯಾಹ್ನ ಸೀಮೆಸುಣ್ಣ ತೆಗೆದುಕೊಂಡು, ನಂದಿಯ ಹ್ಯಾಸ್‌ಗೂ ಲಿಂಗದ ಗಾನ್‌ಗೂ ನಡುವೆ ಜಸ್ಟ್ ಎಂದು ಬರೆದೆ. ಹ್ಯಾಸ್‌ಗೆ ಮೊದಲು ದಿ ಬಸ್ ಎಂದು ಸೇರಿಸಿದೆ. ಬಸ್ಸು ಈಗ ತಾನೇ ಹೋಯಿತು ಎಂದು ಅರ್ಥ ಹೇಳಿ ತಿರುಗಿದೆ.

ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಪಾಠಕ್ಕೆ ಬರುತ್ತಿದ್ದ ಹುಡುಗನೊಬ್ಬ ಮಾತ್ರ ಪೆನ್ನಿನ ಕ್ಯಾಪು ಮುಚ್ಚಿ ಎದ್ದು ನಿಂತ.

"ಅಲ್ಲಿ ಬರ್ದ್‌ಬುಟ್ರಲ್ಲ ಮೇಡಂ."

ಅಲ್ಲೇ ಬರೆಯಬೇಕು ಎಂದೆ.

"ನೀವ್ ಬರೀಬೋದು ಮೇಡಂ, ಸಾಯಂಕಾಲ ಆದ್ರೆ ನರಸೀಪುರಕ್ಕೆ ಒಂಟೋಗೋರು. ನಾವು ಇಲ್ಲೇ ಇರೋರು ಕಣ್ರೀ."

ಬೆತ್ತದ ಕುರ್ಚಿ ಕಿರುಗುಟ್ಟಿತು. ಮೇಷ್ಟ್ರು ಒಳಗೆ ಬಂದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹಲಗೆ ನೋಡಿದರು.

"ಯಾರಮ್ಮ ಇದು, ನಡುವೆ?"

"ಜಸ್ಟ್, ಸರ್."

"ಅಲ್ಲೇನ್ ಕೆಲ್ಸ ಇದಕ್ಕೆ?"

ವಿವರಿಸಿದೆ. ಮೇಷ್ಟ್ರಿಗೆ ಗೊತ್ತಿಲ್ಲದ ಸಂಗತಿಯಲ್ಲ ಅದು. ಅವರು ಬರೆಯುತ್ತಿದ್ದ ಇಂಗ್ಲಿಷ್ ಪತ್ರಗಳಲ್ಲಿ ಜಸ್ಟ್ ಯಾವಾಗಲೂ ತನ್ನ ಜಾಗದಲ್ಲೇ ಇರುತ್ತಿತ್ತು. ತಪ್ಪಿದ್ದರೆ ಹೇಳಿ, ಅಳಿಸುತ್ತೇನೆ ಎಂದೆ. "ತಪ್ಪು ಅಂತ ನಾನೆಲ್ಲಂದೆ? ಅಲ್ಲಿರಬಾರ್ದು ಅಂದೆ, ಅಷ್ಟೆ," ಎಂದರು. ತಪ್ಪಲ್ಲದ್ದನ್ನು ನಾನು ಅಳಿಸುವುದಿಲ್ಲ ಎಂದೆ. ಅವರಾದರೂ ಅಳಿಸಬಹುದಿತ್ತು. ಆದರೆ ಅಳಿಸಲು ಕೈಯನ್ನು ನಂದಿಗೂ ಲಿಂಗಕ್ಕೂ ಅಡ್ಡ ಆಡಿಸಬೇಕು. ಅವರು ಕೈ ಎತ್ತಿದರು, ಯೋಚಿಸಿದರು, ಇಳಿಸಿದರು. ಬರೆದವರೇ ಅಳಿಸಬೇಕು, ಅದೇ ಧರ್ಮ ಎಂದು ಹೇಳಿ ಹೊರಗೆ ಹೋಗಿ ಕೂತರು.

ಹೀಗಾಗಿ ಜಸ್ಟ್ ಅಲ್ಲೇ ಉಳಿಯಿತು.

ಮರುದಿನ ದಿ ಬಸ್ ಅನ್ನು ಯಾರೋ ಒರೆಸಿದ್ದರು, ಜಸ್ಟ್ ಇತ್ತು. ವಾರ ಕಳೆದರೂ ಇತ್ತು. ಗಣಿತದವರು ಈಗ ನಂದಿ, ಲಿಂಗ, ಜಸ್ಟ್ ಮೂವರನ್ನೂ ಸುತ್ತಿಕೊಂಡು ಲೆಕ್ಕ ಮಾಡಬೇಕಾಯಿತು. ನಿಮ್ಮ ಭಾಷೆಯಲ್ಲಿ ಒಂದೊಂದು ಪದಕ್ಕೂ ಇಷ್ಟು ಜಾಗ ಬೇಕೇನಮ್ಮ ಎಂದು ಅವರು ನನ್ನನ್ನು ಒಮ್ಮೆ ಕೇಳಿದರು. ಕೋಪದಿಂದಲ್ಲ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು.

ನಾನು ತರಗತಿಗೆ ನಮ್ಮ ಬೀದಿಯ ಉದಾಹರಣೆ ಕೊಟ್ಟುನೋಡಿದೆ. ನರಸೀಪುರದಲ್ಲಿ ನಮ್ಮ ಬೀದಿಯ ತುದಿಗೆ ಒಂದು ಪುಟ್ಟ ಈಶ್ವರನ ಗುಡಿ. ಹಿಂದೆ ರಸ್ತೆ ಅಗಲ ಮಾಡಿದಾಗ ಗುಡಿ ಒಂದು ಪಕ್ಕಕ್ಕೂ ನಂದಿಯ ಕಟ್ಟೆ ಇನ್ನೊಂದು ಪಕ್ಕಕ್ಕೂ ಉಳಿದು, ರಸ್ತೆ ಅವುಗಳ ನಡುವೆಯೇ ಹೋಗಿತ್ತು. ಕಬ್ಬಿನ ಗಾಡಿ, ಸ್ಕೂಟರು, ಬನ್ನೂರಿನ ಬಸ್ಸು ಎಲ್ಲವೂ ಅಲ್ಲೇ ಓಡಾಡುತ್ತವೆ. ನಾನೂ ದಿನಾ ಬೆಳಿಗ್ಗೆ ಬಸ್ಸಿಗೆ ಅಲ್ಲಿಂದಲೇ ಹೋಗುತ್ತೇನೆ. ಕೆಲವು ಮುದುಕಿಯರು ಮಾತ್ರ ಹಿಟ್ಟಿನ ಮಿಲ್ಲಿನ ಓಣಿ ಹಿಡಿದು, ನಂದಿಯ ಬೆನ್ನ ಹಿಂದಿನಿಂದ ಸುತ್ತಿ ಬರುತ್ತಾರೆ. ಊರಿಗೆ ಊರೇ ನಡುವೆ ಹಾಯುತ್ತದೆ, ಏನೂ ಆಗಿಲ್ಲ ಎಂದೆ.

"ಅದು ರಸ್ತೆ ಮಾಡ್ದೋರ ಪಾಪ ಮೇಡಂ," ಎಂದರು ಅಕ್ಕ. "ಇದು ನಮ್ ಕೈಯಾರೆ ಬರಿಯೋದು."

ಪರೀಕ್ಷೆ ಹತ್ತಿರವಾದಂತೆ ಮೇಷ್ಟ್ರು ತಾವಾಗಿಯೇ ಒಂದು ರಾಜಿಸೂತ್ರ ತಂದರು. ನಂದಿಗೂ ದೇವರಿಗೂ ನಡುವೆ ಯಾರೂ ಹೋಗುವುದಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ, ಅರ್ಚಕರು ಹೋಗುತ್ತಾರೆ. ಆರತಿ ಹಿಡಿದು ಅಲ್ಲೇ ಓಡಾಡುತ್ತಾರೆ. ಅದು ಅವರ ಮಿರಾಸಿ, ತಲೆತಲಾಂತರದ ಹಕ್ಕು. ಹಾಗೆಯೇ ಜಸ್ಟ್, ನೆವರ್, ಆಲ್ವೇಸ್, ಆಲ್‌ರೆಡಿ ಇವು ಅರ್ಚಕರ ಮನೆತನದ ಪದಗಳು. ಉಳಿದವು ಭಕ್ತಾದಿಗಳು, ಹೊರಗೇ ಸರದಿಯಲ್ಲಿ ನಿಲ್ಲಬೇಕು.

ತರಗತಿಗೆ ಇದು ಬಹಳ ಹಿಡಿಸಿತು. ನಾಲ್ಕಾರು ದಿನ ಬೇರೆ ಪಾಠವೇ ನಡೆಯಲಿಲ್ಲ. ಯಸ್ಟರ್‌ಡೇ ಅರ್ಚಕನೋ ಭಕ್ತನೋ? ಭಕ್ತ, ಎಂದೆ. ಆಫನ್? ಅರ್ಚಕ. ಸ್ಲೋಲಿ ಎಂದಾಗ ನಾನು ಸ್ವಲ್ಪ ತಡವರಿಸಿದೆ. ಕೆಲವೊಮ್ಮೆ ಒಳಗೆ ಹೋಗಬಹುದು, ಸಾಮಾನ್ಯವಾಗಿ ಹೊರಗೇ ಚೆನ್ನ ಎಂದೆ. ಹಾಗಾದರೆ ಅವನು ಪರಿಚಾರಕ, ಹೂವು ನೀರು ತಂದುಕೊಡುವವನು, ಎಂದು ಡೈರಿಯ ಹುಡುಗ ತೀರ್ಮಾನಿಸಿದ. ನೆವರ್ ಅರ್ಚಕನಾಗಲು ಲಾಯಕ್ಕೇ ಎಂಬ ಬಗ್ಗೆ ದೊಡ್ಡ ವಾದವಾಯಿತು. ಯಾವಾಗಲೂ ಇಲ್ಲ ಇಲ್ಲ ಎನ್ನುವವನನ್ನು ಮಂಗಳಾರತಿಗೆ ಬಿಡುವುದು ಹೇಗೆ ಎಂದು ಹುಡುಗಿಯರ ಬೆಂಚು ಕೇಳಿತು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಭಾಷಾಶಾಸ್ತ್ರ ಓದಿದ್ದ ನಾನು, ಹಕ್ಕು ಹುಟ್ಟಿನಿಂದ ಬರುವುದೇ ಹೊರತು ಗುಣದಿಂದಲ್ಲ ಎಂದು ವಾದಿಸಿ ನೆವರ್ ಅನ್ನು ಒಳಗೆ ಬಿಡಿಸಿದೆ.

ಅಕ್ಕ ಈ ಯಾವ ಮಾತಿಗೂ ಬಾಯಿ ಹಾಕಿರಲಿಲ್ಲ. ಎಲ್ಲ ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು ಎದ್ದರು.

"ನಮ್ದು ಬ್ಯಾರೆ ಮೇಡಂ. ನಮ್ಗೆ ಪೂಜಾರಿ ಇಲ್ಲ. ಲಿಂಗ ಅಂಗೈ ಮೇಲೇ ಇರ್ತದೆ. ನನ್ ಕಣ್ಗೂ ಅದ್ಕೂ ನಡುವೆ ಯಾರ್ ಬಂದಾರು ಯೋಳಿ."

ಕೊರಳಲ್ಲಿ ಲಿಂಗ ಕಟ್ಟಿಕೊಂಡಿದ್ದ ಅರ್ಧ ತರಗತಿ ತಲೆಯಾಡಿಸಿತು. ಇಷ್ಟು ದಿನ ನಗುತ್ತ ಕೂತಿದ್ದವರಿಗೂ ಈಗ ತಾವು ಯಾವ ಕಡೆಯವರೆಂದು ನೆನಪಾದಂತಿತ್ತು. ಹೊರಗಿನಿಂದ ಮೇಷ್ಟ್ರು, "ಹಂಗಾದ್ರೆ ನಿಮ್ ಕಡೆಯೋರ್ಗೆ ಬೇರೆ ವ್ಯಾಕರಣಾನೇ ಮಾಡ್ಬೇಕಾಗ್ತದೆ," ಎಂದರು.

ನಾನು ಬೇರೆ ವ್ಯಾಕರಣ ಮಾಡಲಿಲ್ಲ. ನಂದಿ ಇಲ್ಲದ ಬಿಳಿ ಡ್ರಾಯಿಂಗ್ ಶೀಟು ತಂದು ಗೋಡೆಗೆ ಅಂಟಿಸಿ, ಅದರ ಮೇಲೆ ಹೊಸದಾಗಿ ಬರೆದು ತೋರಿಸಿದೆ. ಪ್ರಯೋಜನವಾಗಲಿಲ್ಲ. ಹ್ಯಾಸ್ ಕಂಡರೆ ಸಾಕು, ಬಸಪ್ಪ ಕೂತಿರುವುದು ಕಾಣುತ್ತದೆ ಎಂದರು ಅಕ್ಕ. ಹ್ಯಾವ್ ಬರೆದೆ. ಅದೂ ಅವನೇ, ಬಹುವಚನ ಅಷ್ಟೆ, ಎಂದರು. ಅಕ್ಕನಿಗೆ ವ್ಯಾಕರಣ ಚೆನ್ನಾಗಿಯೇ ತಿಳಿದಿತ್ತು. ತೊಂದರೆ ಅದಾಗಿರಲಿಲ್ಲ.

ಪರೀಕ್ಷೆಗೆ ಮುಂಚಿನ ಕೊನೆಯ ತರಗತಿ ಮುಗಿದಾಗ ಎಲ್ಲರೂ ಹೋಗಿ ಅಕ್ಕ ಒಬ್ಬರೇ ಉಳಿದರು. ಅವರ ಪ್ರಬಂಧ ತಿದ್ದಿಕೊಡುತ್ತ ಕೂತಿದ್ದೆ. ಕೆಳಗೆ ಹೊಗೆ ಹಾಕಿದ್ದರು, ಇಬ್ಬರ ಕಣ್ಣಲ್ಲೂ ನೀರು. ಅವರು ಕಿಟಕಿಯ ಕಡೆ ನೋಡುತ್ತ, ಆ ಮಕ್ಕಳಿಗೆ ಅ ಆ ಇ ಈ ಹೇಳಿಕೊಡಲು ಈ ಜಸ್ಟ್ ಯಾಕೆ ಬೇಕು ಎಂದು ಕೇಳಿದರು. ಟೀಚರಮ್ಮ ಇಲ್ಲದ ದಿನಗಳಲ್ಲಿ ಅವರೇ ಪಾಠ ಮಾಡುತ್ತಿದ್ದರೆಂದೂ ಮಕ್ಕಳು ಅವರನ್ನೇ ಟೀಚರ್ ಎಂದು ಕರೆಯುತ್ತಿದ್ದವೆಂದೂ ಆ ದಿನ ತಿಳಿಯಿತು. ಹಾಗೆ ಕರೆದಾಗಲೆಲ್ಲ ಅವರು ಸುತ್ತ ನೋಡಿ, ಅಕ್ಕ ಅನ್ರಪ್ಪ, ಎಂದು ತಿದ್ದಬೇಕಾಗುತ್ತಿತ್ತಂತೆ.

"ಒಂದ್ ಮಾರ್ಕ್ಗೆ ನಾನು ಅಡ್ಡ ದಾಟ್ಬೇಕಾ ಮೇಡಂ?"

ನಾನು ತಿದ್ದುವುದನ್ನೇ ಮುಂದುವರಿಸಿದೆ. ಅವರ ಪ್ರಬಂಧದ ಒಂದು ಸಾಲಿನಲ್ಲಿ ಪದವೊಂದು ಬಿಟ್ಟುಹೋಗಿತ್ತು. ಎರಡು ಪದಗಳ ನಡುವೆ ಕೆಳಗಡೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಬಿಟ್ಟ ಪದವನ್ನು ಮೇಲೆ ಬರೆದೆ. ಅಕ್ಕ ಬಗ್ಗಿ ನೋಡಿದರು.

"ಇದೇನ್ ಮೇಡಂ, ಗೋಪುರದ್ ಥರ?"

ಬಿಟ್ಟುಹೋದ ಪದವನ್ನು ಮೇಲಿನಿಂದ ಸೇರಿಸುವ ಗುರುತು, ಎಂದೆ. ಅವರು ಇನ್ನೇನೂ ಕೇಳದೆ ಪುಸ್ತಕ ಚೀಲಕ್ಕೆ ಹಾಕಿಕೊಂಡು ಕಳಲೆಯ ಬಸ್ಸಿಗೆ ಹೊರಟರು.

ಇಂಗ್ಲಿಷ್ ಪರೀಕ್ಷೆಯ ದಿನ ನಾನು ಶಾಲೆಯ ಗೇಟಿನ ಬಳಿ ನಿಂತಿದ್ದೆ. ಯಾರಿಗಾಗಿ ನಿಂತಿದ್ದೇನೆಂದು ಕೇಳಿದವರಿಗೆ ಪ್ರಶ್ನೆಪತ್ರಿಕೆಗಾಗಿ ಎಂದು ಹೇಳಿದೆ. ಗಂಟೆ ಹೊಡೆದ ಮೇಲೆ ಅಕ್ಕ ಎಲ್ಲರಿಗಿಂತ ಕೊನೆಗೆ, ಸೆರಗಿನಲ್ಲಿ ಬೆರಳಿನ ಶಾಯಿ ಒರೆಸುತ್ತ ಬಂದರು.

ಆ ಪ್ರಶ್ನೆ ಬಂತಾ ಎಂದೆ.

"ಬಂತು. ನೆವರ್."

"ಎಲ್ಲಿ ಹಾಕಿದಿರಿ?"

"ಮೇಲಿಂದ ಇಳಿಸ್ದೆ."

ನಾನು ಸಮುದ್ರ ನೋಡಿದ್ದೇನೆ ಎಂಬ ವಾಕ್ಯ ಕೊಟ್ಟಿದ್ದರು, ಅದರಲ್ಲಿ ನೆವರ್ ಸೇರಿಸಬೇಕಿತ್ತು. ಅಕ್ಕ ಮೊದಲು ಕೊಟ್ಟ ವಾಕ್ಯವನ್ನು ಇದ್ದ ಹಾಗೇ, ಹ್ಯಾವ್‌ಗೂ ಸೀನ್‌ಗೂ ನಡುವೆ ಯಾರೂ ಇಲ್ಲದಂತೆ ಬರೆದಿದ್ದರು. ಆಮೇಲೆ ಎರಡರ ನಡುವೆ ಕೆಳಗಡೆ ಒಂದು ಪುಟ್ಟ ಗೋಪುರ ಹಾಕಿ, ಅದರ ನೆತ್ತಿಗೆ ನೇರವಾಗಿ, ಸಾಲಿನ ಮೇಲೆ ನೆವರ್ ಬರೆದಿದ್ದರು.

"ಮಜ್ಜನದ್ ನೀರು ಮೇಲಿಂದ ತಾನೆ ಬೀಳೋದು ಮೇಡಂ. ಅಡ್ಡ ಯಾರೂ ದಾಟ್ಲಿಲ್ಲ." ಸ್ವಲ್ಪ ನಡೆದ ಮೇಲೆ ಮತ್ತೆ ಹೇಳಿದರು. "ನಿಜಾನೂ ಔದು. ನಾನು ಸಮುದ್ರ ನೋಡ್ದೋಳೇ ಅಲ್ಲ."

ಫಲಿತಾಂಶ ಬರುವವರೆಗೆ ಮೇಷ್ಟ್ರಿಗೂ ನನಗೂ ಬೇರೆ ಮಾತೇ ಇರಲಿಲ್ಲ. ತಿದ್ದುವವರು ಅದನ್ನು ಉತ್ತರವೆಂದುಕೊಳ್ಳುತ್ತಾರೋ, ಮರೆತು ಸೇರಿಸಿದ್ದೆಂದುಕೊಳ್ಳುತ್ತಾರೋ? ಮರೆತು ಸೇರಿಸಿದರೂ ಜಾಗ ಸರಿಯಿದೆಯಲ್ಲ, ಎಂದೆ. ಪೇಪರು ಯಾವ ಸೀಮೆಗೆ ಹೋಗಿದೆಯೋ ಅದರ ಮೇಲೆ ಎಲ್ಲ ನಿಂತಿದೆ ಎಂಬುದು ಮೇಷ್ಟ್ರ ವಾದ. "ಮಂಗಳೂರ್ ಕಡೆಗೆ ಹೋಗಿದ್ರೆ ಕಷ್ಟ ಕಣಮ್ಮ. ದಿನಾ ಸಮುದ್ರ ನೋಡೋರು. ನೋಡೇ ಇಲ್ಲ ಅಂದ್ರೆ ನಂಬ್ತಾರಾ?" ಹಲಗೆಯ ಮೇಲೆ ಜಸ್ಟ್ ಮಸುಕಾಗಿತ್ತು, ಆದರೆ ಓದಲು ಬರುತ್ತಿತ್ತು. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಅದನ್ನೂ ಎಣ್ಣೆಬಣ್ಣದ್ದೇ ಎಂದುಕೊಂಡಿದ್ದರು. ಅವರಲ್ಲೊಬ್ಬಳು ತರಗತಿಯ ಕಿರುಪರೀಕ್ಷೆಗೆ ಮುಂಚೆ ಅದಕ್ಕೂ ಕೈ ಮುಗಿದದ್ದನ್ನು ನಾನು ಕಂಡೆ.

ಅಕ್ಕ ಪಾಸಾದರು. ಬೇಕಾದಷ್ಟೇ ಬಂದಿತ್ತು. ಆ ನೆವರ್‌ಗೆ ಅಂಕ ಸಿಕ್ಕಿತೋ ಇಲ್ಲವೋ ನಮಗೆ ಗೊತ್ತಾಗುವ ಹಾಗಿರಲಿಲ್ಲ. ಮೇಷ್ಟ್ರು ಸಿಕ್ಕಿದೆ ಎಂದು ನಿರ್ಧರಿಸಿದರು, ನಾನು ಬೇಡವೆನ್ನಲಿಲ್ಲ. ಟೀಚರ್ ಕೆಲಸಕ್ಕೆ ಅರ್ಜಿ ಕೊಟ್ಟ ದಿನವೇ ಅಕ್ಕ ಟ್ಯುಟೋರಿಯಲ್‌ಗೆ ಬಂದರು. ಒಂದು ಚಿಪ್ಪು ರಸಬಾಳೆ ತಂದಿದ್ದರು. ಕೆಳಗಿನ ಮಂಡಿಯದಲ್ಲ, ತಮ್ಮ ಹಿತ್ತಲಿನದು ಎಂದು ಎರಡೆರಡು ಸಲ ಹೇಳಿದರು. ಎಲ್ಲರಿಗೂ ಹಂಚಿದ ಮೇಲೆ ಡಸ್ಟರು ಕೈಗೆತ್ತಿಕೊಂಡು ನನ್ನನ್ನು ನೋಡಿದರು.

"ಒರಸ್ಲಾ ಮೇಡಂ?"

ಒರೆಸಿ ಎಂದೆ.

ಮೇಷ್ಟ್ರು ಬಾಗಿಲಲ್ಲಿ ಎದ್ದು ನಿಂತರು. ಪಾಠದ ನಡುವೆ ನಿಂತಿದ್ದ ಗಣಿತದವರು ಪಕ್ಕಕ್ಕೆ ಸರಿದರು. ಅಕ್ಕ ತುದಿಗಾಲಿನಲ್ಲಿ ನಿಂತು ಡಸ್ಟರನ್ನು ಹಲಗೆಯ ಮೇಲಂಚಿಗೆ ಇಟ್ಟು, ನೇರವಾಗಿ, ಒಂದೇ ಗೆರೆಯಲ್ಲಿ ಕೆಳಗೆ ಎಳೆದರು. ಎಡಕ್ಕೂ ತಾಕಲಿಲ್ಲ, ಬಲಕ್ಕೂ ತಾಕಲಿಲ್ಲ. ಮತ್ತೆ ಮೇಲಿನಿಂದ ಕೆಳಕ್ಕೆ ಇನ್ನೊಂದು ಸಲ. ಜಸ್ಟ್ ಹೋಯಿತು. ನಂದಿಗೂ ಲಿಂಗಕ್ಕೂ ನಡುವಿನ ಹಲಗೆ ಬೇರೆಲ್ಲ ಕಡೆಗಿಂತ ಕಪ್ಪಾಗಿ, ಹೊಸದಾಗಿ ಕಂಡಿತು.

"ಇನ್ಮೇಲೆ ಬೇಕಾದಾಗ ಇಂಗೇ ಬರ್ಕೊಳಿ, ಇಂಗೇ ಒರಸ್ಕೊಳಿ," ಎಂದು ಡಸ್ಟರನ್ನು ಗಣಿತದವರ ಕೈಗೆ ಕೊಟ್ಟರು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಗಣಿತ ಇನ್ನೂ ಉಳಿದಿದ್ದ ಡೈರಿಯ ಹುಡುಗ ಪಕ್ಕದವನಿಗೆ, ಕಲಿಸುವುದೇ ಬೇರೆ, ಒರೆಸುವುದೇ ಬೇರೆ ವಿದ್ಯೆ ಕಣ್ಲಾ, ಎಂದ. ಅಕ್ಕನಿಗೆ ಕೇಳಿಸಿತು. ಟೀಚರ್ ಆದ ಮೇಲೆ ನಿನ್ನ ಮಕ್ಕಳು ನನ್ನ ಹತ್ತಿರವೇ ಬರಬೇಕು, ನೆನಪಿರಲಿ, ಎಂದರು. ನಗು ನಿಂತ ಮೇಲೆ ಮೆಟ್ಟಿಲಿಳಿದು ಹೋದರು.

ಮರುದಿನ ಬೆಳಿಗ್ಗೆ ಎಂದಿನಂತೆ ಛತ್ರಿ, ಬುತ್ತಿ ಹಿಡಿದು ಮನೆಯಿಂದ ಹೊರಟೆ. ಬೀದಿಯ ತುದಿಗೆ ಬಂದಾಗ ಈಶ್ವರನ ಗುಡಿಯ ಬಾಗಿಲು ತೆರೆದಿತ್ತು. ರಸ್ತೆಯಾಚೆ ನಂದಿಯ ಕೊರಳಿಗೆ ಯಾರೋ ಹೂ ಹಾಕಿದ್ದರು. ಒಂದು ಕಬ್ಬಿನ ಗಾಡಿ ಎರಡರ ನಡುವೆ ಹಾದುಹೋಯಿತು. ನಾನು ಹಿಟ್ಟಿನ ಮಿಲ್ಲಿನ ಓಣಿ ಹಿಡಿದೆ. ನಂದಿಯ ಬೆನ್ನ ಹಿಂದಿನಿಂದ ಸುತ್ತಿ, ಇಬ್ಬರು ಮುದುಕಿಯರ ಹಿಂದೆ ಅವರದೇ ನಡಿಗೆಯಲ್ಲಿ ನಡೆದು ನಿಲ್ದಾಣ ಸೇರುವಾಗ ನಂಜನಗೂಡಿನ ಬಸ್ಸು ಹೊರಟುಹೋಗಿತ್ತು. ಮುಂದಿನದಕ್ಕೆ ಬಹಳ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತಿದ್ದ ಇಬ್ಬರು ಹೆಂಗಸರು ನನ್ನನ್ನು ನೋಡಿ ಆ ಕಡೆ ಈ ಕಡೆ ಸರಿದು ನಡುವೆ ಜಾಗ ಮಾಡಿಕೊಟ್ಟರು. ಕೂತೆ.